ವಾಸನೆಯ ಪಾಲು

ಎರ್ಜುರುಮ್ ಊರಿಗೆ ಚಳಿಗಾಲ ಬರುತ್ತದೆ ಎನ್ನುವುದು ತಪ್ಪು. ಚಳಿಗಾಲ ಅಲ್ಲಿಯ ಕಾಯಂ ನಿವಾಸಿ. ವರ್ಷಕ್ಕೊಮ್ಮೆ ನಾಲ್ಕು ತಿಂಗಳು ನೆಂಟರ ಮನೆಗೆ ಹೋಗಿ ಬರುತ್ತದೆ, ಅಷ್ಟೆ. ಅದು ಊರಲ್ಲಿಲ್ಲದ ಹೊತ್ತು ನೋಡಿ ಭೂದಾಖಲೆ ಕಚೇರಿಯ ಗುಮಾಸ್ತ ವೆಹ್ಬಿ ಒಂದು ಮೋಟಾರ್ ಸೈಕಲ್ ಕೊಂಡುಬಿಟ್ಟ.

ಅವನಿಗಾಗ ಐವತ್ತೊಂದು ವರ್ಷ. ಸೈನ್ಯದ ಸೇವೆಯಲ್ಲಿದ್ದಾಗ ಒಮ್ಮೆ ಟಪಾಲು ಒಯ್ಯುವವನ ಹಿಂದೆ ಕೂತು ಹನ್ನೊಂದು ಕಿಲೋಮೀಟರ್ ಹೋಗಿದ್ದ. ಆ ಹನ್ನೊಂದು ಕಿಲೋಮೀಟರನ್ನು ಮೂವತ್ತು ವರ್ಷ ನೆನೆಸಿಕೊಂಡೇ ಬದುಕಿದ್ದ. ಸೆಪ್ಟೆಂಬರ್‌ನಲ್ಲಿ ದನದ ಡಾಕ್ಟರೊಬ್ಬರು ಸಮುದ್ರ ತೀರದ ಊರಿಗೆ ವರ್ಗವಾಗಿ ಹೊರಟಾಗ ತಮ್ಮ ಕೆಂಪು ಗಾಡಿಯನ್ನು ಇವನಿಗೆ ಮಾರಿದರು. ಜೊತೆಗೆ ‘ಚಳಿಗಾಲದಲ್ಲಿ ಗಾಡಿ ಇಡುವ ಕ್ರಮ’ ಎಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ವೆಹ್ಬಿ ಅದನ್ನು ಮಡಿಸಿ, ಎದೆಯ ಜೇಬಿನಲ್ಲಿ ಗುರುತಿನ ಚೀಟಿಯ ಪಕ್ಕದಲ್ಲಿಟ್ಟುಕೊಂಡ. ಸವಾರಿ ಸಿಕ್ಕಿದ್ದು ಒಟ್ಟು ನಲವತ್ತು ದಿನ. ಅಕ್ಟೋಬರ್ ಕೊನೆಗೆ ಬೆಟ್ಟದ ನೆತ್ತಿ ಬೆಳ್ಳಗಾಯಿತು.

ಹೆಂಡತಿ ನಾಜಿಯೆ ಮಾತನ್ನು ಎಳೆಯುವವಳಲ್ಲ. “ಹಿಮ ಬೀಳೋದರೊಳಗೆ ಅದಕ್ಕೊಂದು ಸೂರು ನೋಡಿ. ಇಲ್ಲಾಂದ್ರೆ ಮಾರಿ,” ಎಂದಳು. ಮೂರಾಳುದ್ದ ಹಿಮದಲ್ಲಿ ಹೂತ ಗಾಡಿಯನ್ನು ವಸಂತದಲ್ಲಿ ಅಗೆದು ತೆಗೆಯುವ ಗಂಡನನ್ನು ತಾನು ನೋಡಲಾರೆ ಎಂದೂ ಸೇರಿಸಿದಳು. ಇಷ್ಟು ಹೇಳಿ, ತಂಗಿಯ ಮಗಳ ಮದುವೆಗೆ ರಜಾಯಿ ಹೊಲಿಯಲು ತಂಗಿಯ ಊರಿಗೆ ಹೊರಟುಹೋದಳು. ಭಾನುವಾರ ಬರುವುದಾಗಿ ಮಾತು.

ಸೂರೇನೋ ಇತ್ತು. ಆರು ಮನೆಗಳ ಆ ಕಟ್ಟಡದ ನೆಲಮಾಳಿಗೆಯಲ್ಲಿ ಹಳೆಯ ಕಲ್ಲಿದ್ದಲು ಕೋಣೆ ಖಾಲಿ ಬಿದ್ದಿತ್ತು. ಒಣಗಿದ ಕೋಣೆ, ಕಬ್ಬಿಣದ ಬಾಗಿಲು. ಆದರೆ ಕಟ್ಟಡದ ಮೇಲ್ವಿಚಾರಣೆ ನಿವೃತ್ತ ಹೆಡ್ ಮೇಷ್ಟ್ರು ಸಿಟ್ಕಿಯವರದು. ಎಲ್ಲರಿಗೂ ಸೇರಿದ ಜಾಗದಲ್ಲಿ ಒಂದು ವಾರಕ್ಕಿಂತ ಹೆಚ್ಚು ಏನನ್ನೇ ಇಡುವುದಿದ್ದರೂ ಆರೂ ಮನೆಯವರು ಕೈ ಎತ್ತಬೇಕು ಎಂದು ಅವರು ನಿಯಮದ ಪುಸ್ತಕ ತೆರೆದು ತೋರಿಸಿದರು. ಭಾನುವಾರ ಮಧ್ಯಾಹ್ನ ಸಭೆ. ಅಲ್ಲಿಯವರೆಗೆ ಗಾಡಿ ಅಲ್ಲಿರಬಹುದು, ಅತಿಥಿಯಾಗಿ. ಒಂದು ಕೈ ಕಡಿಮೆಯಾದರೂ ಗಾಡಿ ಬೀದಿಗೆ, ಬೀದಿಯಿಂದ ಸಂತೆಗೆ.

ಇರುವ ನಾಲ್ಕು ದಿನದಲ್ಲಿ ಹಾಳೆಯಲ್ಲಿದ್ದದ್ದನ್ನೆಲ್ಲ ಮಾಡಿ ಮುಗಿಸಿ, ಇದು ಮಕ್ಕಳಾಟವಲ್ಲ ಎಂದು ಸಭೆಗೆ ತೋರಿಸಬೇಕೆಂದು ವೆಹ್ಬಿ ನಿಶ್ಚಯಿಸಿದ. ಟ್ಯಾಂಕು ಕಂಠಮಟ್ಟ ತುಂಬಿಸಿದ. ಎರಡೂ ಚಕ್ರ ನೆಲಕ್ಕೆ ತಾಗದಂತೆ ಕೆಳಗೆ ಮರದ ದಿಮ್ಮಿ ಕೊಟ್ಟ. ಹೊಗೆ ಕೊಳವೆಯೊಳಗೆ ಇಲಿ ಹೋಗಬಾರದೆಂದು ತನ್ನದೇ ಉಣ್ಣೆಯ ಕಾಲುಚೀಲ ತುರುಕಿದ. ಬ್ಯಾಟರಿ ಬಿಚ್ಚಿ, ಶೀತ ತಾಗದಿರಲೆಂದು ಶಾಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗಪ್ಪಿಕೊಂಡು ಮೂರನೆಯ ಮಹಡಿಗೆ ಒಯ್ದ. ದಾರಿಯಲ್ಲಿ ಇಬ್ಬರು ನೋಡಿದರು. ಇಬ್ಬರಿಗೂ ನಮಸ್ಕಾರ ಹೇಳಿ, ಏನೆಂದು ಹೇಳದೆ ಹೋದ.

ತೊಡಕಾದದ್ದು ಆರನೆಯ ಸಾಲು: ‘ತುಕ್ಕು ಹಿಡಿಯದಂತೆ ಲೋಹಕ್ಕೆಲ್ಲ ರಕ್ಷಣೆಯ ಎಣ್ಣೆ ಸವರುವುದು.’

ಈ ಎಣ್ಣೆ ಸಿಗುವುದು ಮೆಕ್ಯಾನಿಕ್ ಇದ್ರಿಸ್‌ನ ಅಂಗಡಿಯಲ್ಲಿ. ಅಲ್ಲಿಗೆ ಹೋಗುವುದಕ್ಕಿಂತ ವೆಹ್ಬಿ ಹಿಮದಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದ. ಗಾಡಿ ಕೊಂಡ ಮೊದಲ ವಾರ ಗತ್ತಿನಿಂದ ಅಲ್ಲಿಗೆ ಹೋದಾಗ ಇದ್ರಿಸ್, ಚೈನಿಗೆ ಎಣ್ಣೆ ಹಾಕಿ ಎಷ್ಟು ದಿನವಾಯ್ತು ಎಂದು ಕೇಳಿದ್ದ. ವೆಹ್ಬಿ ಮೂರು ಜನರ ಎದುರಿಗೆ “ಯಾವ ಚೈನು?” ಅಂದಿದ್ದ. ಯಾರೂ ನಗಲಿಲ್ಲ. ನಕ್ಕಿದ್ದರೆ ಮರೆಯಬಹುದಿತ್ತು.

ಆಗ ಅವನಿಗೆ ತೀರಿಹೋದ ಅಮ್ಮನ ನೆನಪಾಯಿತು. ಪ್ರತಿ ವರ್ಷ ಮೊದಲ ಹಿಮಕ್ಕೆ ಮುಂಚೆ ಅಮ್ಮ ಮನೆಮಂದಿಯ ಬೂಟುಗಳಿಗೆಲ್ಲ ಆ ಕಡೆಯ ಕುರಿಗಳ ದಪ್ಪ ಬಾಲದ ಕೊಬ್ಬು ಕಾಯಿಸಿ ಸವರುತ್ತಿದ್ದಳು. ನೀರು ಹತ್ತಿರ ಸುಳಿಯುತ್ತಿರಲಿಲ್ಲ. ಚಳಿಗಾಲಕ್ಕೆಂದು ಮಾಡಿಡುವ ಕವುರ್ಮಾದ ಕಥೆಯೂ ಅದೇ ತಾನೆ? ಹುರಿದ ಮಾಂಸದ ಮೇಲೆ ಬೆರಳುದಪ್ಪ ಅದೇ ಕೊಬ್ಬು ಹೊಯ್ದು ಮುಚ್ಚಿಟ್ಟರೆ ಆರು ತಿಂಗಳು ಕೆಡದು. ಬೂಟನ್ನೂ ಮಾಂಸವನ್ನೂ ಕಾಯುವ ಕೊಬ್ಬು ಕಬ್ಬಿಣವನ್ನು ಕಾಯದೆ ಇದ್ದೀತೆ? ತರ್ಕದಲ್ಲಿ ಎಲ್ಲೂ ತೂತಿರಲಿಲ್ಲ. ದೊಡ್ಡ ತಪ್ಪುಗಳ ಲಕ್ಷಣವೇ ಅದು.

ಎರಡನೆಯ ಮಹಡಿಯಲ್ಲಿ ವಾಸವಿದ್ದ ಕಟುಕ ನೆವ್ಜಾತನ ಅಂಗಡಿಗೆ ಹೋಗಿ ಮೂರು ಕಿಲೋ ಬಾಲದ ಕೊಬ್ಬು ಕೇಳಿದ. ನೆವ್ಜಾತ್ ತೂಗಿ ಕಟ್ಟಿ, “ಮಾಂಸ ಎಷ್ಟು ಬೇಕಣ್ಣಾ?” ಎಂದ. “ಮಾಂಸ ಬೇಡ,” ಎಂದು ವೆಹ್ಬಿ ಎದ್ದು ಬಂದ.

ಬುಧವಾರ, ಗುರುವಾರ, ಶುಕ್ರವಾರ, ಮೂರು ಸಂಜೆ ಒಂದೊಂದು ಕಿಲೋ ಕಾಯಿಸಿದ. ಕಿಟಕಿಯ ಪರದೆಗೆ ವಾಸನೆ ಹಿಡಿದರೆ ನಾಜಿಯೆ ಬಿಡುವುದಿಲ್ಲವೆಂದು ಮೆಟ್ಟಿಲ ಕಡೆಯ ಬಾಗಿಲು ತೆರೆದಿಟ್ಟ. ಕಾದ ಕೊಬ್ಬಿನ ಪಾತ್ರೆಗೆ ಬಟ್ಟೆ ಮುಚ್ಚಿ, ಹೆಜ್ಜೆ ಎಣಿಸುತ್ತ ನೆಲಮಾಳಿಗೆಗೆ ಇಳಿದ. ಗಡ್ಡಕ್ಕೆ ಸೋಪು ಹಚ್ಚುವ ಹಳೆಯ ಬ್ರಷ್ಷಿನಿಂದ ಗಾಡಿಗೆ ಮೂರು ಸಲ ಬಳಿದ. ಎಲ್ಲಿಯವರೆಗೆ ಲೋಹ, ಎಲ್ಲಿಂದ ರಬ್ಬರ್ ಎಂದು ಕತ್ತಲಲ್ಲಿ ತಿಳಿಯದೆ, ಯಾರಿಗೂ ಅನ್ಯಾಯವಾಗಬಾರದೆಂದು ಎಲ್ಲಕ್ಕೂ ಬಳಿದ. ಮೇಲೆ ಗಾಳಿಯಾಡುವ ಬಟ್ಟೆ ಹೊದಿಸಬೇಕೆಂದು ಹಾಳೆ ಹೇಳಿತ್ತು. ಬೀರುವಿನಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಬಿಳಿಯ ಮೇಲುಹಾಸನ್ನು, ಯಾರೂ ಬಳಸದ್ದೆಂದು ತಿಳಿದು, ಹೊದಿಸಿದ.

ಈಗ, ಆ ಊರಿನಲ್ಲಿ ಒಂದು ಪದ್ಧತಿ ಇದೆ. ನಿಮ್ಮ ಮನೆಯ ಅಡುಗೆಯ ವಾಸನೆ ಯಾರ ಮೂಗಿಗೆ ಹೋಯಿತೋ ಅವರಿಗೆ ಅದರಲ್ಲಿ ಪಾಲಿದೆ. ಒಂದು ತಟ್ಟೆ ಕಳಿಸಲೇಬೇಕು. ಬಸುರಿಗೆ, ಮುದುಕಿಗೆ, ಮಗುವಿಗೆ ಮೊದಲು. ಕಳಿಸದಿದ್ದವನನ್ನು ಯಾರೂ ಬೈಯುವುದಿಲ್ಲ. ಅವನನ್ನು ದೇವರಿಗೆ ಬಿಡುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ಬುಧವಾರ ರಾತ್ರಿ ಉಳಿದ ಐದು ಮನೆಯವರೂ ತಟ್ಟೆಗಾಗಿ ಕಾದರು. ಬರಲಿಲ್ಲ. ನಾಳೆ ಬಂದೀತು, ಕವುರ್ಮಾ ಆರಬೇಕಲ್ಲ ಎಂದುಕೊಂಡರು. ಗುರುವಾರವೂ ವಾಸನೆಯೊಂದೇ ಬಂತು. ಚಹಾದಂಗಡಿಯಲ್ಲಿ ನೆವ್ಜಾತ್ ಲೆಕ್ಕ ಬಿಡಿಸಿದ. ಮೂರು ಕಿಲೋ ಕೊಬ್ಬಿಗೆ ಕಡಿಮೆಯೆಂದರೂ ಹದಿನೈದು ಕಿಲೋ ಮಾಂಸ. “ಕೊಬ್ಬು ತಗೊಂಡಿದ್ದು ನನ್ನ ಹತ್ರ. ಮಾಂಸ ಯಾರ ಹತ್ರ?” ಎಂದ. ಶಾಲಿನಲ್ಲಿ ಸುತ್ತಿ ಮೇಲೆ ಒಯ್ದದ್ದು ಕುರಿಯ ತೊಡೆಯೇ ಎಂದು ನೋಡಿದವರು ಸಾಕ್ಷಿ ಹೇಳಿದರು. ಹೆಂಡತಿ ಊರಲ್ಲಿಲ್ಲದಾಗ ಒಂದು ಇಡೀ ಕುರಿಯನ್ನು ಒಬ್ಬನೇ ಹುರಿದು ನೆಲಮಾಳಿಗೆಯಲ್ಲಿ ಬಚ್ಚಿಟ್ಟ ಎಂಬ ತೀರ್ಮಾನ ಶುಕ್ರವಾರದ ಪ್ರಾರ್ಥನೆಯ ಹೊತ್ತಿಗೆ ಗಟ್ಟಿಯಾಯಿತು.

ಆದರೂ ಸಭ್ಯರು ನೇರವಾಗಿ ಕೇಳುವುದುಂಟೆ? ಅದಕ್ಕೊಂದು ದಾರಿ ಇದೆ. ಅಲ್ಲಿ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ವೆಹ್ಬಿಯ ಮನೆಯ ಕೆಳಗೇ ಇದ್ದ ಎಪ್ಪತ್ತೆಂಟರ ಗುಲಿಜಾರ್ ಅಜ್ಜಿ ಒಂದು ತಟ್ಟೆ ಹಲ್ವಾ ಕಳಿಸಿದಳು. ಸಿಟ್ಕಿ ಮೇಷ್ಟ್ರ ಮನೆಯಿಂದ ಪದರುರೊಟ್ಟಿ ಬಂತು. ನೆವ್ಜಾತನ ಮನೆಯಿಂದ ದ್ರಾಕ್ಷಿ ಎಲೆಯ ಸುರುಳಿ. ಎಂಥ ಮೂಢನಿಗೂ ಅರ್ಥವಾಗುವ ಸೂಚನೆ.

ವೆಹ್ಬಿಗೆ ಕಣ್ಣು ತುಂಬಿತು. ಹೆಂಡತಿ ಊರಲ್ಲಿಲ್ಲದ ಗಂಡಸನ್ನು ಹೀಗೆ ನೋಡಿಕೊಳ್ಳುವವರು ಬೇರೆಲ್ಲಿ ಸಿಕ್ಕಾರು? ಅದಕ್ಕಿಂತ ಹೆಚ್ಚಾಗಿ, ಇದು ಗಾಡಿಗೆ ಸಿಗುತ್ತಿರುವ ಬೆಂಬಲವೆಂದು ಅವನ ಲೆಕ್ಕ. ಹೊಸ ವಾಹನ ಬಂದ ಮನೆಗೆ ಸಿಹಿ ಕಳಿಸುತ್ತಿದ್ದಾರೆ, ಭಾನುವಾರ ಆರೂ ಕೈ ಮೇಲೇಳುವುದು ಖಂಡಿತ. ಅಡುಗೆ ಬಾರದಿದ್ದರೂ ತಟ್ಟೆಯ ಮರ್ಯಾದೆ ಅವನಿಗೆ ಗೊತ್ತಿತ್ತು. ಕಪಾಟಿನಲ್ಲಿ ಸಿಕ್ಕಿದ್ದನ್ನು ಹಾಕಿ ತಾನೇ ಒಯ್ದುಕೊಟ್ಟ. ಮೇಷ್ಟ್ರ ಮನೆಗೆ ನಾಲ್ಕು ಸೇಬು. ನೆವ್ಜಾತನಿಗೆ ಮೂಲಂಗಿಯ ಉಪ್ಪಿನಕಾಯಿ. ಗುಲಿಜಾರ್ ಅಜ್ಜಿಗೆ ಆರು ಅಕ್ರೋಟು, ಸಿಪ್ಪೆ ಸಮೇತ.

ಅಜ್ಜಿ ತಟ್ಟೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

“ಕೆಲಸ ಎಲ್ಲಾ ಮುಗೀತೇನಪ್ಪಾ?”

“ಇವತ್ತೊಂದು ಸಲ ಕೊಬ್ಬು ಹಾಕಿದ್ರೆ ಮುಗೀತು ಅಜ್ಜಿ. ಮುಚ್ಚಿಟ್ಟುಬಿಟ್ರೆ ಏಪ್ರಿಲ್ ತನಕ ಯಾರೂ ಮುಟ್ಟೋ ಹಾಗಿಲ್ಲ.”

“ಯಾರೂ ಮುಟ್ಟೋ ಹಾಗಿಲ್ವಾ?”

“ಬಟ್ಟೆ ಎತ್ತಿ ನೋಡೋದೂ ಬೇಡ ಅಂತ ಡಾಕ್ಟ್ರು ಬರೆದಿದಾರೆ.”

ಅಜ್ಜಿ ಬಾಗಿಲು ಹಾಕಿಕೊಂಡಳು. ಅವಳ ತುಟಿ ನಡುಗಿದ್ದು ವೆಹ್ಬಿಯ ಕಣ್ಣಿಗೆ ಬಿತ್ತು. ವಯಸ್ಸಾದವರು ಬೇಗ ಭಾವುಕರಾಗುತ್ತಾರೆ ಎಂದುಕೊಂಡು ಮೆಟ್ಟಿಲು ಹತ್ತಿದ.

ಭಾನುವಾರ ಮೇಷ್ಟ್ರ ಮನೆಯ ನಡುಮನೆಯಲ್ಲಿ ಎಲ್ಲರೂ ಸೇರಿದರು. ಸಕ್ಕರೆ ತುಂಡನ್ನು ದವಡೆಗಿಟ್ಟುಕೊಂಡು ಚಹಾ ಹೀರುತ್ತ, ಮೆಟ್ಟಿಲಿನ ದೀಪದ ವಿಷಯವನ್ನು ಬೇಗ ಮುಗಿಸಿದರು. ಎರಡನೆಯ ವಿಷಯಕ್ಕೆ ವೆಹ್ಬಿ ಎದ್ದು ನಿಂತ. ರಾತ್ರಿಯೆಲ್ಲ ಕೂತು ಭಾಷಣ ಬರೆದಿದ್ದ. ಈ ಮೂರು ದಿನ ನೆರೆಯವರು ತೋರಿಸಿದ ಪ್ರೀತಿಯನ್ನು ಸಾಯುವವರೆಗೂ ಮರೆಯೆನೆಂದ. ಹಲ್ವಾವನ್ನು ನೆನೆದ, ಪದರುರೊಟ್ಟಿಯನ್ನು ಹೊಗಳಿದ, ದ್ರಾಕ್ಷಿ ಎಲೆಯ ಸುರುಳಿಗಳನ್ನು ಒಂದೇ ಹೊತ್ತಿಗೆ ತಾನೊಬ್ಬನೇ ಮುಗಿಸಿದ್ದನ್ನು ಕೃತಜ್ಞತೆಯಿಂದ ಒಪ್ಪಿಕೊಂಡ. ಇಂಥ ನೆರೆಯವರಿರುವಾಗ ತನಗೆ ಬಂಧುಗಳೇ ಬೇಡವೆಂದ. ಕೇಳುತ್ತಿದ್ದವರ ದವಡೆಯಲ್ಲಿ ಸಕ್ಕರೆ ತಾನಾಗಿ ಕರಗಿತು; ಚಹಾ ಹೀರುವುದು ಯಾರಿಗೂ ನೆನಪಾಗಲಿಲ್ಲ.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು, ವಾಹನವನ್ನು ಕೆಳಗೆ ಇಡಬಹುದು ಎನ್ನುವವರು ಕೈ ಎತ್ತಿ ಎಂದರು. ವೆಹ್ಬಿ ಎತ್ತಿದ. ಸುತ್ತ ನೋಡಿದ. ಅವನ ಕೈ ಒಂದೇ, ಬಯಲಲ್ಲಿ ನಿಂತ ಲಾಂದ್ರದ ಕಂಬದಂತೆ.

ಮಂಗಳವಾರ ಹಿಮ ಎಂದು ರೇಡಿಯೋ ಹೇಳಿತ್ತು. ಹನ್ನೊಂದು ಕಿಲೋಮೀಟರ್, ಮೂವತ್ತು ವರ್ಷ, ನಲವತ್ತು ದಿನ ಎಲ್ಲವೂ ಅವನ ಕಣ್ಣ ಮುಂದೆ ಹಾದವು. ಕೈ ಇಳಿಸಲು ಮರೆತು ಹಾಗೆಯೇ ನಿಂತ.

“ಕೈ ಇಳಿಸಿ ವೆಹ್ಬಿ,” ಎಂದರು ಮೇಷ್ಟ್ರು. “ಕೆಳಗೆ ವಾಹನ ಒಂದೇ ಇದೆಯೋ, ಇನ್ನೇನಾದ್ರೂ ಇದೆಯೋ? ನೀವೇ ಹೇಳಿದ್ರೆ ನಿಮಗೂ ಗೌರವ.”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ವೆಹ್ಬಿಯದು. ಮುಖ ಕೆಂಪಾಯಿತು. “ಬ್ಯಾಟರಿ ಮಾತ್ರ ಮನೇಲಿಟ್ಟಿದೀನಿ,” ಎಂದು ತಡವರಿಸಿದ. “ಹಾಸಿಗೆ ಪಕ್ಕದಲ್ಲಿ.”

ಗುಲಿಜಾರ್ ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ಒಂದು ಅಕ್ರೋಟು ತೆಗೆದು ಚಹಾ ತಟ್ಟೆಯ ಮೇಲೆ ಠಣ್ಣೆಂದು ಇಟ್ಟಳು.

“ನನ್ನ ಬಾಯಲ್ಲಿ ಮೂರು ಹಲ್ಲು ಅದಾವೆ ವೆಹ್ಬಿ. ಮೂರು ರಾತ್ರಿ ನಿನ್ನ ಕವುರ್ಮಾದ ವಾಸನೆ ಕುಡ್ದು ಮಲಗಿದೀನಿ. ಕೊನೇಗೆ ಕೊಟ್ಟಿದ್ದೇನು, ಕಲ್ಲು. ನಿಮ್ಮಮ್ಮ ಇದ್ದಾಗ ಪಾತ್ರೆ ಒಲೆಯಿಂದ ಇಳಿಯೋಕ್ ಮುಂಚೆ ನನ್ನ ತಟ್ಟೆ ಬರ್ತಿತ್ತು. ಬಿಸಿ ಇರ್ತಿತ್ತು.”

ಸರ್ಕಾರಿ ಕಚೇರಿಯಲ್ಲಿ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವ ವೇಗದಲ್ಲಿ ವಿಷಯ ವೆಹ್ಬಿಯ ತಲೆಗೆ ತಲುಪಿತು.

“ಕವುರ್ಮಾನಾ? ಯಾವ ಕವುರ್ಮಾ?”

“ಅದನ್ನೇ ನಾವೂ ಕೇಳ್ತಿರೋದು,” ಎಂದ ನೆವ್ಜಾತ್. “ಜೊತೆಗೆ, ಯಾವ ಕಟುಕನ ಮಾಂಸ ಅಂತಾನೂ.”

“ಆ ಕೊಬ್ಬು... ಅದನ್ನ ಗಾಡಿಗೆ ಹಚ್ಚಿದೆ.”

ಮೇಷ್ಟ್ರು ಮೂವತ್ನಾಲ್ಕು ವರ್ಷ ಹುಡುಗರಿಗೆ ಪಾಠ ಹೇಳಿದವರು. ಮನೆಪಾಠವನ್ನು ಮೇಕೆ ತಿಂದದ್ದು, ತೋಳ ತಿಂದದ್ದು, ಅಜ್ಜ ಸಿಗರೇಟು ಸುತ್ತಿಕೊಂಡದ್ದು ಎಲ್ಲ ಕೇಳಿದ್ದರು. ಇಂಥದೊಂದನ್ನು ತಾವು ಕೇಳಿಲ್ಲವೆಂದು ಸಭೆಯ ಮುಂದೆ ಒಪ್ಪಿಕೊಂಡು, ಎದ್ದು ಚಪ್ಪಲಿ ಮೆಟ್ಟಿದರು. ಸ್ಥಳ ಪರಿಶೀಲನೆ ಆಗಲೇಬೇಕು.

ಮೆರವಣಿಗೆ ನೆಲಮಾಳಿಗೆಗೆ ಇಳಿಯಿತು. ಅಜ್ಜಿ ಸಿಟ್ಟಿನಲ್ಲಿದ್ದರೂ ಮೆಟ್ಟಿಲಿಗೆ ಹೆದರಿ ವೆಹ್ಬಿಯ ತೋಳನ್ನೇ ಹಿಡಿದುಕೊಂಡಿದ್ದಳು. ಕಬ್ಬಿಣದ ಬಾಗಿಲ ಮುಂದೆ ಏಳು ಬೆಕ್ಕುಗಳು ಸಾಲಾಗಿ, ರೇಷನ್ ಅಂಗಡಿ ತೆರೆಯಲು ಕಾದವರಂತೆ ಕೂತಿದ್ದವು. ನೋಡಿದ ನೆವ್ಜಾತ್, ಇವು ಸುಳ್ಳು ಹೇಳುವ ಪ್ರಾಣಿಗಳಲ್ಲ ಎಂದ. ಬಾಗಿಲು ತೆರೆಯಿತು. ಮೇಷ್ಟ್ರು ತಾವೇ ಬಟ್ಟೆ ಎಳೆದರು.

ಹೊರಗೆ ಮಂಗಳವಾರ ಬೀಳಬೇಕಿದ್ದ ಹಿಮ ಒಳಗೆ ಆಗಲೇ ಬಿದ್ದಿತ್ತು. ಕೆಂಪು ಗಾಡಿಯ ಗುರುತೇ ಇಲ್ಲ. ಚಕ್ರ, ಹಿಡಿ, ದೀಪ, ಸೀಟು, ಚೈನು ಎಲ್ಲದರ ಮೇಲೆ ಬೆರಳುದಪ್ಪ ಬೆಳ್ಳನೆಯ ಕೊಬ್ಬು ಹೆಪ್ಪುಗಟ್ಟಿ, ಮೇಣದಲ್ಲಿ ಎರೆದ ಗೊಂಬೆಯಂತೆ ನಿಂತಿತ್ತು. ಸೀಟಿನ ಅಂಚಿನಲ್ಲಿ ಇಲಿಯ ಹಲ್ಲಿನ ಗುರುತು. ಹೊಗೆ ಕೊಳವೆಯಿಂದ ಕಾಲುಚೀಲದ ಹೆಬ್ಬೆರಳು ಇಣುಕುತ್ತಿತ್ತು. ನೆವ್ಜಾತ್ ಹತ್ತಿರ ಹೋಗಿ ದೀಪದ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ.

“ನಮ್ಮದೇ,” ಎಂದ. ಬೇರೆ ಕಟುಕನ ಸುಳಿವಿಲ್ಲದೆ ಅವನ ಮುಖ ಅರಳಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ನಾಜಿಯೆ ಕಾಣಿಸಿಕೊಂಡಳು, ಕೈಯಲ್ಲಿ ಪ್ರಯಾಣದ ಚೀಲ. ಬೆಕ್ಕುಗಳನ್ನು, ನೆರೆಯವರನ್ನು, ಗಾಡಿಯನ್ನು ಕ್ರಮವಾಗಿ ನೋಡಿ, ಮೇಷ್ಟ್ರ ಕೈಯಲ್ಲಿದ್ದ ಬಟ್ಟೆಯ ಮೇಲೆ ಕಣ್ಣು ನಿಲ್ಲಿಸಿದಳು. “ಅದು ನನ್ನ ಮದುವೇ ಮೇಲುಹಾಸು,” ಎಂದಳು. ಮೇಷ್ಟ್ರು ಅದನ್ನು ಸುಡುವ ಕೆಂಡದಂತೆ ವೆಹ್ಬಿಯ ಕೈಗೆ ದಾಟಿಸಿದರು.

ಗುಲಿಜಾರ್ ಅಜ್ಜಿ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ವೆಹ್ಬಿ ಹೆದರಿ ಮುಂದೆ ಬಂದರೆ, ಮೂರು ಹಲ್ಲೂ ಹೊರಗಿದ್ದವು.

“ನನಗೆ ಪಾಲು ಕೊಡದೆ ತಿಂದ ಅಂದ್ಕೊಂಡಿದ್ದೆ,” ಎಂದಳು, ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ. “ಪಾಪ, ಇವನೂ ತಿಂದಿಲ್ವಲ್ಲೋ.”

ಆ ನೆಲಮಾಳಿಗೆ ಅಷ್ಟು ನಗುವನ್ನು ಅದುವರೆಗೆ ಕಂಡಿರಲಿಲ್ಲ. ಬೆಕ್ಕುಗಳು ಕೂಡ ಎರಡು ಹೆಜ್ಜೆ ಹಿಂದೆ ಸರಿದವು. ನಗು ನಿಂತ ಮೇಲೆ ಅಜ್ಜಿ, ಎತ್ತಿ ಎಂದು ಯಾರೂ ಹೇಳುವ ಮೊದಲೇ, ಕೈ ಎತ್ತಿದಳು. ಆಮೇಲೆ ನೆವ್ಜಾತ್. ಆಮೇಲೆ ಉಳಿದ ಎರಡು ಮನೆಯವರು. ಮೇಷ್ಟ್ರು ಎಣಿಸಿ, ತಮ್ಮದನ್ನೂ ಎತ್ತಿ, ಒಂದು ಷರತ್ತು ಹಾಕಿದರು: ಗಾಡಿ ಇರಲಿ, ಕೊಬ್ಬು ಹೋಗಲಿ, ಮತ್ತು ಆ ಕೆಲಸ ಬಲ್ಲವರು ಬರಲಿ.

ಬಲ್ಲವನೆಂದರೆ ಇದ್ರಿಸ್. ವೆಹ್ಬಿ ಸಂಜೆ ಅವನ ಬಾಗಿಲು ತಟ್ಟಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದವನು, ಬಾಗಿಲು ತೆರೆದಾಗ, “ನನಗೆ ಏನೂ ಗೊತ್ತಿಲ್ಲ,” ಎಂದಷ್ಟೇ ಹೇಳಿದ. ಇದ್ರಿಸ್ ಟೋಪಿ ತೆಗೆದುಕೊಂಡು ಹೊರಟ.

ಗಾಡಿಯನ್ನು ಅವನು ಎರಡು ಸುತ್ತು ಹಾಕಿ ನೋಡಿದ.

“ಬ್ರೇಕಿಗೂ ಹಚ್ಚಿದೀರಾ?”

“ಹಚ್ಚಿದೀನಿ.”

“ಒಳ್ಳೇದಾಯ್ತು ಬಿಡಿ. ಏಪ್ರಿಲ್‌ನಲ್ಲಿ ಒಮ್ಮೆ ಹೊರಟ್ರೆ ನಿಲ್ಲಿಸೋ ಚಿಂತೆನೇ ಇರ್ತಿರ್ಲಿಲ್ಲ.”

ಅದಕ್ಕಿಂತ ಹೆಚ್ಚು ಆಡಿಕೊಳ್ಳಲಿಲ್ಲ. ಕೊಬ್ಬನ್ನು ಹೀಗೇ ಬಿಟ್ಟಿದ್ದರೆ ಹೊಸ ವರ್ಷದೊಳಗೆ ಇಲಿಗಳು ತಂತಿಗಳನ್ನೆಲ್ಲ ತಿಂದು ಮುಗಿಸುತ್ತಿದ್ದವೆಂದ. ಟ್ಯಾಂಕು ತುಂಬಿಸಿದ್ದು, ಚಕ್ರ ಎತ್ತಿ ನಿಲ್ಲಿಸಿದ್ದು, ಬ್ಯಾಟರಿ ಒಳಗೊಯ್ದದ್ದು ಮೂರೂ ಸರಿ ಎಂದಾಗ ವೆಹ್ಬಿಗೆ ಪದಕ ಸಿಕ್ಕಷ್ಟು ಸಂತೋಷವಾಯಿತು. ಬ್ಯಾಟರಿಯನ್ನು ಹಾಸಿಗೆಯ ಪಕ್ಕ ಮಲಗಿಸುವುದು ಬೇಡ, ತಿಂಗಳಿಗೊಮ್ಮೆ ಚಾರ್ಜು ಮಾಡಿದರೆ ಸಾಕೆಂದ. ಆಮೇಲೆ ಕೆಲಸ ಶುರುವಾಯಿತು. ಮೇಷ್ಟ್ರು ಬಕೆಟ್ಟಿನಲ್ಲಿ ಬಿಸಿನೀರು ತಂದರು. ನೆವ್ಜಾತ್ ತನ್ನ ಅಂಗಡಿಯ ಸೋಡಾಪುಡಿ ತಂದು, ಕೊಬ್ಬು ಕೆರೆಯುವುದು ತನ್ನ ವೃತ್ತಿಯೆಂದು ಯಾರಿಗೂ ಬಿಟ್ಟುಕೊಡಲಿಲ್ಲ. ಎಂಜಿನ್ನಿನ ಸಣ್ಣ ಸಂದುಗಳಿಗೆ ನಾಜಿಯೆ ಹೆಣೆಯುವ ಕಡ್ಡಿ ಹಿಡಿದು ಕೂತಳು. ಕೆರೆದದ್ದು ಹೆಚ್ಚೋ ಬೈದದ್ದು ಹೆಚ್ಚೋ ಹೇಳುವುದು ಕಷ್ಟ. ಅಜ್ಜಿ ಕುರ್ಚಿಯಲ್ಲಿ ಕೂತು, ಅಲ್ಲಿ ಉಳೀತು, ಇಲ್ಲಿ ಉಳೀತು ಎಂದು ಕೋಲಿನಿಂದ ತೋರಿಸಿದಳು. ಕೊನೆಯಲ್ಲಿ ಇದ್ರಿಸ್ ಒಂದು ಸಣ್ಣ ಡಬ್ಬಿ ಎಣ್ಣೆಯನ್ನು ವೆಹ್ಬಿಯ ಕೈಗಿಟ್ಟು, ಬ್ರೇಕು ಟಯರು ಬಿಟ್ಟು ಎಲ್ಲೆಲ್ಲಿ ಎಷ್ಟು ಹಾಕಬೇಕೆಂದು ಅವನ ಕೈಯಿಂದಲೇ ಹಾಕಿಸಿದ.

“ಇದು ಚೈನು,” ಎಂದ, ಬೆರಳು ಮಾಡಿ. ಸುತ್ತ ನಿಂತವರು ಈ ಸಲ ನಕ್ಕರು. ವೆಹ್ಬಿಯೂ ನಕ್ಕ. ಆರು ವಾರದಿಂದ ಗಂಟಲಲ್ಲಿದ್ದ ಮುಳ್ಳು ಇಳಿದುಹೋಯಿತು.

ಮಂಗಳವಾರ ಹಿಮ ಬಿತ್ತು. ಬುಧವಾರ ನಾಜಿಯೆ ನಿಜವಾದ ಕವುರ್ಮಾ ಮಾಡಿದಳು, ಮಾಂಸವೂ ನೆವ್ಜಾತನ ಅಂಗಡಿಯದೇ. ಪಾತ್ರೆ ಒಲೆಯಿಂದ ಇಳಿಯುವ ಮುಂಚೆ ಮೊದಲ ತಟ್ಟೆಯನ್ನು ವೆಹ್ಬಿ ಎರಡೂ ಕೈಯಲ್ಲಿ ಹಿಡಿದು ಒಂದು ಮಹಡಿ ಇಳಿದ. ಬಿಸಿಯಿತ್ತು. ಅಜ್ಜಿ ತಟ್ಟೆ ಇಸಿದುಕೊಂಡು, ವಾಪಸು ನಿಧಾನವಾಗಿ ಕೊಡುತ್ತೇನೆ, ಬರಿದಾಗಿ ಕೊಡಬಾರದಲ್ಲ, ಯೋಚಿಸಬೇಕು ಎಂದಳು. ಚಳಿಗಾಲವೆಲ್ಲ ಯೋಚಿಸಿದಳು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಬೀದಿಯ ಕೊನೆಯ ಹಿಮವೂ ಕರಗಿ ಚರಂಡಿ ಸೇರಿತು. ವೆಹ್ಬಿ ಬ್ಯಾಟರಿ ಇಳಿಸಿ ಜೋಡಿಸಿದ, ಕಾಲುಚೀಲ ಎಳೆದು ತೆಗೆದ, ಗಾಡಿಯನ್ನು ಬಾಗಿಲ ಮುಂದೆ ಬಿಸಿಲಿಗೆ ನಿಲ್ಲಿಸಿ ಕಿಕ್ ಹೊಡೆದ. ಮೂರನೆಯದಕ್ಕೆ ಎದ್ದಿತು. ಇದ್ರಿಸ್ ಕಿವಿಯಿಟ್ಟು ಕೇಳಿ ತಲೆದೂಗಿದ. ಎಂಜಿನ್ ನಿಧಾನವಾಗಿ ಬಿಸಿಯಾಯಿತು.

ಹೆಣೆಯುವ ಕಡ್ಡಿ ಎಷ್ಟೇ ಸಣ್ಣದಿದ್ದರೂ ಅದಕ್ಕಿಂತ ಸಣ್ಣ ಸಂದುಗಳು ಜಗತ್ತಿನಲ್ಲಿರುತ್ತವೆ. ಆರು ತಿಂಗಳು ಅಲ್ಲಿ ಅಡಗಿದ್ದ ಕುರಿಬಾಲದ ಕೊಬ್ಬು ಚುರ್ರೆಂದು ಕಾಯತೊಡಗಿ, ತೆಳ್ಳಗೆ ನೀಲಿ ಹೊಗೆ ಎದ್ದಿತು. ಇಡೀ ಬೀದಿಯಲ್ಲಿ ಕವುರ್ಮಾ ಹುರಿದ ಘಮ. ಏಳರಲ್ಲಿ ಐದು ಬೆಕ್ಕುಗಳು ಎಲ್ಲಿಂದಲೋ ಪ್ರತ್ಯಕ್ಷವಾದವು. ಮೇಷ್ಟ್ರ ಕಿಟಕಿ ತೆರೆಯಿತು. ನೆವ್ಜಾತ್ ಅಂಗಡಿಯಿಂದ ಕತ್ತಿ ಹಿಡಿದೇ ಹೊರಬಂದು ಗಾಳಿ ಮೂಸಿ ಹೆಮ್ಮೆಯಿಂದ ನಿಂತ.

ಎರಡನೆಯ ಮಹಡಿಯ ಕಿಟಕಿಯಿಂದ, ಅಜ್ಜಿ ದಿನಾ ರೊಟ್ಟಿ ತರಿಸಿಕೊಳ್ಳುವ ಬುಟ್ಟಿ ಹಗ್ಗದಲ್ಲಿ ತೂಗುತ್ತ ಇಳಿದು ಬಂದು ವೆಹ್ಬಿಯ ಮೂಗಿನ ಮಟ್ಟಕ್ಕೆ ನಿಂತಿತು. ಒಳಗೆ ನಾಜಿಯೆಯ ತಟ್ಟೆ. ತಟ್ಟೆಯ ಮೇಲೆ ಒಂದು ಬಿಸಿ ರೊಟ್ಟಿ. ರೊಟ್ಟಿಯ ಮೇಲೆ ಆರು ಅಕ್ರೋಟು, ಸಿಪ್ಪೆ ಸಮೇತ.

“ವಾಸನೆ ಬಂತಪ್ಪಾ,” ಎಂದಳು ಅಜ್ಜಿ ಮೇಲಿನಿಂದ. “ರೊಟ್ಟಿ ನಂದು. ಕಲ್ಲು ನಿಂದೇ, ಹಲ್ಲಿರೋರು ತಿನ್ನಿ.”

ನೆವ್ಜಾತ್ ಕತ್ತಿಯ ಹಿಡಿಯಿಂದ ಅಕ್ರೋಟು ಒಡೆದ. ರೊಟ್ಟಿಯನ್ನು ಹರಿದು ಅಲ್ಲಿದ್ದವರೆಲ್ಲ ಒಂದೊಂದು ತುಂಡು ಹಂಚಿಕೊಂಡು ಗಾಡಿಯ ಸುತ್ತ ನಿಂತೇ ತಿಂದರು. ಇನ್ನು ಎಂಜಿನ್ ನಿಲ್ಲಿಸಬಹುದು, ಸಾಕಷ್ಟು ಬಿಸಿಯಾಯ್ತು ಎಂದ ಇದ್ರಿಸ್. ವೆಹ್ಬಿ ತಲೆಯೆತ್ತಿ ಕಟ್ಟಡವನ್ನು ನೋಡಿದ. ಮೇಲೆ ಎರಡು ಮನೆಯ ಕಿಟಕಿಗಳು ಇನ್ನೂ ಮುಚ್ಚಿದ್ದವು. ಅವರ ಪಾಲೂ ಅವರಿಗೆ ಮುಟ್ಟಲಿ ಎಂದು, ಎಂಜಿನ್ ಆರಿಸದೆ ಕಾದ.